ಟಾವೆಲ್ ಹಾಕಲಾಗದ ಸೀಟು

ನೇಸರಗಿಯಿಂದ ಬೆಳಗಾವಿಗೆ ಹೋಗುವ ಬಸ್ಸು ಸಾಂಬ್ರಾದ ಮೇಲೆಯೇ ಹೋಗುತ್ತದೆ. ಮೂವತ್ತು ವರ್ಷದಿಂದ ಆ ಊರು ಬಂದ ಕೂಡಲೇ ಪಕ್ಕದ ಸೀಟಿನವರಿಗೆ, "ಈ ವಿಮಾನ ನಿಲ್ದಾಣ 1942ರಾಗ ಬ್ರಿಟಿಷರ ರಾಯಲ್ ಏರ್‌ಫೋರ್ಸ್ ಕಟ್ಟಿದ್ದರಿ, ಉತ್ತರ ಕರ್ನಾಟಕದಾಗ ಇದ ಹಳೇದು" ಎಂದು ಹೇಳುತ್ತ ಬಂದಿದ್ದೇನೆ. ಹೇಳುವವನು ಒಳಗೆ ಕಾಲಿಟ್ಟಿದ್ದಾನೋ ಇಲ್ಲವೋ ಎಂದು ಯಾರೂ ಕೇಳಿರಲಿಲ್ಲ. ಈ ದಸರಾ ಸೂಟಿಗೆ ಮಗಳು ಬೆಂಗಳೂರಿನಿಂದ ವಿಮಾನದ ಟಿಕೆಟ್ ಕಳಿಸಿದಳು. ನನ್ನ ಬಂಡವಾಳ ಬಯಲಾಯಿತು.

ಒಬ್ಬರಿಗೆ 15 ಕಿಲೋ ಎಂದಿದ್ದಳು. ಚೀಲಗಳನ್ನು ಕಿರಾಣಿ ಅಂಗಡಿಯ ತಕ್ಕಡಿಗೆ ಏರಿಸಿದರೆ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಕರದಂಟಿನ ಭಾರಕ್ಕೆ ಮುಳ್ಳು ಒಂದೇ ಕಡೆ ಮಲಗಿತು. ಹೊರಗೆ ಬಿದ್ದದ್ದು ನನ್ನ ಎರಡು ಪ್ಯಾಂಟು.

ಬಸ್ಸಿನಲ್ಲಿ ಕಂಡಕ್ಟರ್ "ಎಲ್ಲಿಗ್ರೀ?" ಎಂದ. "ವಿಮಾನ ನಿಲ್ದಾಣ" ಎಂದು ಇಡೀ ಬಸ್ಸಿಗೆ ಕೇಳುವಂತೆ ಹೇಳಿದೆ. "ಸಾಂಬ್ರಾ ಅನ್ರೀ" ಎಂದು ಟಿಕೆಟ್ ಹರಿದ. ನನ್ನವಳಿಗೆ ಆಧಾರ್ ತೋರಿಸಿ ಸೊನ್ನೆ ಟಿಕೆಟ್, ನನಗೆ ಪೂರಾ ರೊಕ್ಕ. 2023ರ ಜೂನ್‌ನಿಂದ ನಮ್ಮ ಸಂಸಾರದಲ್ಲಿ ಇದೇ ಲೆಕ್ಕ. ನಿಲ್ದಾಣದ ಬಾಗಿಲಲ್ಲಿ ಮತ್ತೆ ಆಧಾರ್ ಕೇಳಿದ್ದೇ ತಡ, ಅವಳ ಮುಖ ಅರಳಿತು. "ಅಲ್ರೀ, ಇಲ್ಲೂ ಫ್ರೀ ಐತೇನ್ರೀ? ಮತ್ಯಾಕ ಮಗಳ ರೊಕ್ಕ ಹಾಳ್ ಮಾಡಿಸಿದ್ರಿ?"

ಮೂರು ತಾಸು ಮೊದಲೇ ಬಂದಿದ್ದೆವು. 2017ರಲ್ಲಿ ಉದ್ಘಾಟನೆಯಾದ ಟರ್ಮಿನಲ್ ಅದು. ಈ ತುದಿಯಲ್ಲಿ ಕೆಮ್ಮಿದರೆ ಆ ತುದಿಯಲ್ಲಿ ಕೇಳುತ್ತದೆ. ಹೊತ್ತು ಹೋಗದೆ ಹೆಂಡತಿಗೆ ಇತಿಹಾಸ ಶುರುಮಾಡಿದೆ: 2023ರ ಡಿಸೆಂಬರ್‌ನಲ್ಲಿ ವಿಧಾನಸಭೆ ಈ ನಿಲ್ದಾಣಕ್ಕೆ ಕಿತ್ತೂರು ರಾಣಿ ಚೆನ್ನಮ್ಮನ ಹೆಸರು, ಹುಬ್ಬಳ್ಳಿಯದಕ್ಕೆ ಸಂಗೊಳ್ಳಿ ರಾಯಣ್ಣನ ಹೆಸರು ಇಡಬೇಕೆಂದು ನಿರ್ಣಯ ಮಾಡಿತು, ಇಬ್ಬರೂ ನಮ್ಮ ಸೀಮೆಯವರೇ. "ಅವರು ಕುದರಿ ಮ್ಯಾಲ ಹೋದವ್ರು. ನೀವು ಇಲ್ಲಿ ಒಂದು ಚಾ ಎಷ್ಟಂತ ಕೇಳ್ಕೊಂಡು ಬರ್ರಿ" ಎಂದಳು. ಕೇಳಿಕೊಂಡು ಬಂದೆ. ಕುಡಿಯಲಿಲ್ಲ.

ತಪಾಸಣೆಯಲ್ಲಿ ಅವಳ ಕೈಚೀಲ ನಿಂತುಬಿಟ್ಟಿತು. ಹಿಂದಿನ ಸಂಜೆ ಅವಳ ತಂಗಿ ಉಡಿ ತುಂಬಿದ್ದಳು. ಅಕ್ಕಿ, ಅರಿಷಿಣ ಕೊಂಬು, ಉತ್ತತ್ತಿಗೆ ತಕರಾರಿಲ್ಲ, ತಕರಾರು ಎರಡು ಕೊಬ್ಬರಿ ಬಟ್ಟಲಿನದು. "ಅಮ್ಮಾರ, ಒಣಕೊಬ್ಬರಿ ಒಯ್ಯಾಂಗಿಲ್ರಿ. ಎಣ್ಣಿ ಅಂಶ ಇರತೈತಿ, ಬೆಂಕಿ ಹತ್ತೂ ಪದಾರ್ಥ." ನಾನು ತಕ್ಷಣ, "ನನಗ ಗೊತ್ತಿತ್ತು" ಎಂದೆ. ಅವಳು ನನ್ನನ್ನು ಒಂದು ಸಲ ನೋಡಿದಳು. ಆಮೇಲೆ ಸಿಬ್ಬಂದಿಯ ಕಡೆ ತಿರುಗಿ, "ಹೊಟ್ಟಿಯೊಳಗ ಒಯ್ದ್ರ ನಡೀತೈತೇನ್ರೀ?" ಎಂದಳು. ಉಡಿ ತುಂಬಿದ್ದನ್ನು ಕಸದ ಡಬ್ಬಿಗೆ ಹಾಕುವ ಜಾತಿಯಲ್ಲ ಅವಳು. ಮೂಲೆಯ ಕುರ್ಚಿಯಲ್ಲಿ ಕೂತು, ಕಟ್ಟಿಸಿಕೊಂಡ ಹಲ್ಲಿನಲ್ಲಿ ಒಂದು ಬಟ್ಟಲು ಪೂರಾ ಅಗಿದೆ. ಇನ್ನೊಂದನ್ನು ಅವಳು ಒಡೆದು ಅಕ್ಕಪಕ್ಕದವರಿಗೆ ಹಂಚಿದಳು. ಹತ್ತು ನಿಮಿಷದಲ್ಲಿ ಅರ್ಧ ಸಾಲು ಅವಳ ಬೀಗರಾಗಿತ್ತು.

ವಿಮಾನಕ್ಕೆ ನಡೆದೇ ಹೋಗಬೇಕು. ಬಾಗಿಲು ತೆರೆದದ್ದೇ ನನ್ನೊಳಗಿನ ನೇಸರಗಿ ಬಸ್‌ಸ್ಟ್ಯಾಂಡ್ ಎಚ್ಚರಾಯಿತು. ಸೀಟಿನ ನಂಬರು ಚೀಟಿಯಲ್ಲೇ ಇದ್ದರೂ ಹೆಗಲ ಮೇಲಿನ ಟಾವೆಲ್ ಕೈಗೆ ಬಂತು, ಕಾಲು ತಾನೇ ಓಡಿತು. ಎಲ್ಲರಿಗಿಂತ ಮೊದಲು ಮುಂದಿನ ಬಾಗಿಲು ಮುಟ್ಟಿದೆ. ಅಲ್ಲಿ ಇಬ್ಬರು ಹುಡುಗರು ಚೀಲ ತುಂಬುತ್ತಿದ್ದರು. ನಮ್ಮದು 78 ಸೀಟಿನ ಎಟಿಆರ್ ವಿಮಾನ. ಅದಕ್ಕೆ ಮುಂದಿನದು ಸಾಮಾನಿನ ಬಾಗಿಲು, ಮನುಷ್ಯರು ಹತ್ತುವುದು ಹಿಂದೆ. "ಕಾಕಾ, ನಿಮ್ಮನ್ನೂ ಇಲ್ಲೇ ಹಾಕೂಣೇನ್ರೀ?" ಎಂದ ಒಬ್ಬ.

ತಿರುಗಿ ಹೋಗುವಷ್ಟರಲ್ಲಿ ಎಲ್ಲರ ಹಿಂದೆ ನಾನು. ನನ್ನ ಕಿಟಕಿ ಸೀಟಿನಲ್ಲಿ ಹೆಂಡತಿ ಕೂತಿದ್ದಳು. ರೆಕ್ಕೆ ಮೇಲಿರುವ ವಿಮಾನವಾದ್ದರಿಂದ ಅವಳಿಗೆ ಚಕ್ರ ಮಡಚಿಕೊಂಡದ್ದೂ ಕಂಡಿತು, ಹೊಲವೂ ಕಂಡಿತು. ನನಗೆ ಕಂಡದ್ದು ಅವಳ ತುರುಬು.

ಬೆಂಗಳೂರಿನಲ್ಲಿ ಇಳಿದು ವಾಯುವಜ್ರ ಬಸ್ಸು ಹತ್ತಿದೆವು. ಅವಳು ಆಧಾರ್ ಹಿಡಿದಳು. ಎ.ಸಿ. ಬಸ್ಸಿಗೆ ಅದು ನಡೆಯುವುದಿಲ್ಲ. ಹಾರಿದ್ದಕ್ಕಿಂತ ಹೆಚ್ಚು ಹೊತ್ತು ಆ ಬಸ್ಸಿನಲ್ಲೇ ಕೂತೆವು, ಮಾತಿಲ್ಲದೆ.

ಸಾಂಬ್ರಾದಿಂದ ಹಾರುವವರಲ್ಲಿ ನನ್ನದೊಂದು ಬಿನ್ನಹ: ಕೊಬ್ಬರಿಯನ್ನು ಮನೆಯಲ್ಲೇ ತಿಂದು ಬನ್ನಿ. ಎಟಿಆರ್ ಆದರೆ ಹಿಂದಿನ ಬಾಗಿಲಿಗೆ ಹೋಗಿ.