ಅರ್ಧ ಜೀಪು: ದೊಡ್ಡೇರಿ ಸೀಮೆಯಲ್ಲಿ ಕ್ರಾಸ್‌ಓವರ್ ತತ್ತ್ವವಿಚಾರ

ಮೊದಲು ಲಕ್ಷಣ ಹೇಳಬೇಕು, ಆಮೇಲೆ ಪರೀಕ್ಷೆ ಮಾಡಬೇಕು ಎಂಬುದು ತಾರ್ಕಿಕರ ಕಟ್ಟಳೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳನ್ನು ಸೇರಿಸಿ ಸರ್ಕಾರ ಒಂದು ಶೈಕ್ಷಣಿಕ ಜಿಲ್ಲೆಯನ್ನೇ ಮಾಡಿಕೊಟ್ಟಿರುವಾಗ ಇಲ್ಲಿ ಶಾಸ್ತ್ರಚರ್ಚೆಗೆ ಬರ ಇರಬಾರದಿತ್ತು. ಆದರೂ ಟಾಟಾ ಪಂಚ್ ಕಾರೋ ಜೀಪೋ ಎಂಬ ಪ್ರಶ್ನೆ ದೊಡ್ಡೇರಿ ಹೋಬಳಿಯ ಟೀ ಅಂಗಡಿಗಳಲ್ಲಿ ಇನ್ನೂ ಇತ್ಯರ್ಥವಾಗಿಲ್ಲ. ಆ ಕೊರತೆ ನೀಗಿಸಲು ಈ ಪ್ರಬಂಧ. ಇದಕ್ಕೆ ಯಾವ ವಿಶ್ವವಿದ್ಯಾಲಯದ ಅನುದಾನವೂ ಸಿಕ್ಕಿಲ್ಲ, ಕೇಳಿಯೂ ಇಲ್ಲ.

ಪೂರ್ವಪಕ್ಷದವರು ಎತ್ತರದಲ್ಲಿ ಕೂರಿಸುವುದೆಲ್ಲ ಜೀಪು ಎನ್ನುತ್ತಾರೆ. ಇದು ಅತಿವ್ಯಾಪ್ತಿ: ಟ್ರ್ಯಾಕ್ಟರೂ ಜೀಪಾಗಿಬಿಡುತ್ತದೆ. ನಾಲ್ಕೂ ಚಕ್ರ ಎಳೆದರೆ ಮಾತ್ರ ಜೀಪು ಎಂದರೋ, ಅವ್ಯಾಪ್ತಿ: ಹಿಂದಿನ ಎರಡೇ ಚಕ್ರದ ಬಲದಲ್ಲಿ ಈ ಸೀಮೆಯನ್ನೆಲ್ಲ ಹೊತ್ತು ತಿರುಗುವ ಬೊಲೆರೊ ಜಾತಿಭ್ರಷ್ಟವಾಗುತ್ತದೆ. ಪಂಚ್‌ನಲ್ಲಿ ದುಡಿಯುವುದು ಮುಂದಿನ ಎರಡು. ಹಿಂದಿನವು ಬೀಗರ ಕಡೆಯವರಂತೆ ಸುಮ್ಮನೆ ಜೊತೆಗೆ ಬರುತ್ತವೆ.

ಶಬ್ದಪ್ರಮಾಣವಾಗಿ ಜಿಎಸ್‌ಟಿ ಮಂಡಳಿಯ ಮಾತನ್ನು ತೆಗೆದುಕೊಳ್ಳೋಣ. 2022ರ ಡಿಸೆಂಬರಿನಲ್ಲಿ ಅದು ಕೊಟ್ಟ ವಿವರಣೆಯಂತೆ, ಎಸ್‌ಯುವಿ ಎಂದು ಹೆಚ್ಚಿನ ಸೆಸ್ ಹಾಕಬೇಕಾದರೆ ವಾಹನ 4,000 ಮಿ.ಮೀ. ಮೀರಿದ ಉದ್ದ, 1,500 ಸಿಸಿ ಮೀರಿದ ಎಂಜಿನ್, ನೆಲದಿಂದ 170 ಮಿ.ಮೀ.ಗೆ ಕಡಿಮೆಯಿಲ್ಲದ ಎತ್ತರ ಹೊಂದಿರಬೇಕಿತ್ತು. ಜನ ಅದನ್ನು ಎಸ್‌ಯುವಿ ಎಂದು ಕರೆಯುತ್ತಲೂ ಇರಬೇಕಿತ್ತು. ಪಂಚ್‌ನ ಉದ್ದ 3,827, ಎಂಜಿನ್ 1,199, ನೆಲದೆತ್ತರ 187. ಅಂದರೆ ಹೊಟ್ಟೆಯ ಕೆಳಗೆ ಜೀಪು, ಬಾನೆಟ್ಟಿನ ಕೆಳಗೆ ಕಾರು. ತೆರಿಗೆ ಕಟ್ಟುವಾಗ ಕಾರು, ಮಾವನ ಮನೆ ಮುಂದೆ ನಿಲ್ಲಿಸುವಾಗ ಜೀಪು. ಇದಕ್ಕಿಂತ ಶುದ್ಧವಾದ ದ್ವೈತಾದ್ವೈತವನ್ನು ಯಾವ ಆಚಾರ್ಯರೂ ಕೊಟ್ಟಿಲ್ಲ.

ಇತಿಹಾಸವನ್ನೂ ಗಮನಿಸಬೇಕು. ಇದೇ ಕಂಪನಿ 2010ರಲ್ಲಿ ಏರಿಯಾ ಎಂಬುದನ್ನು ಕ್ರಾಸ್‌ಓವರ್ ಎಂದೇ ಸಾರಿ ಮಾರುಕಟ್ಟೆಗೆ ಬಿಟ್ಟಿತ್ತು. ಮೂರು ಸಾಲು ಸೀಟು, ಡೀಸೆಲ್ ಎಂಜಿನ್, ನಾಲ್ಕೂ ಚಕ್ರಕ್ಕೆ ಎಳೆತ. ಕೊಳ್ಳುವವರನ್ನು ಬಿಟ್ಟರೆ ಏನೂ ಕಡಿಮೆಯಿರಲಿಲ್ಲ. ಸುಮೋ ಮಾರುವ ಅಂಗಡಿಯಲ್ಲಿ ಬಿಡದಿಯ ಇನ್ನೋವಾದ ಬೆಲೆ ಹೇಳಿದರೆ ಜನ ಬಿಡದಿಗೇ ಹೋಗುತ್ತಾರೆ. 2021ರ ಅಕ್ಟೋಬರಿನಲ್ಲಿ ಬಂದ ಪಂಚ್ ಮಾತ್ರ 2024ರಲ್ಲಿ ಎರಡು ಲಕ್ಷಕ್ಕೂ ಮೀರಿ ಮಾರಾಟವಾಗಿ, ನಾಲ್ಕು ದಶಕ ಮಾರುತಿ ಬಿಡದೆ ಕೂತಿದ್ದ ಪಟ್ಟವನ್ನು ಕಿತ್ತುಕೊಂಡಿತು.

ಕಾರಣವೇನು? ಹಂಪು. ನಮ್ಮ ಹಳ್ಳಿರಸ್ತೆಯ ಹಂಪುಗಳಿಗೆ ಎಂಜಿನಿಯರ್ ಇಲ್ಲ. ಊರವರ ಸಿಟ್ಟು ಎಷ್ಟಿತ್ತೋ ಅಷ್ಟೇ ಎತ್ತರ. ಹಳೇ ಇಂಡಿಕಾದಲ್ಲಿ ಹೋಗುವಾಗ ಹಂಪು ಬಂತೆಂದರೆ ಹಿಂದಿನವರೆಲ್ಲ ಇಳಿಯಬೇಕು. ಕಾರು ಓರೆಯಾಗಿ ಹತ್ತಿ, ಹೊಟ್ಟೆ ಕರ್ರೆಂದು ತರಚಿಕೊಂಡು, ಆಚೆ ಇಳಿದ ಮೇಲೆ ಅಜ್ಜಿ ಸೆರಗು ಸರಿಮಾಡಿಕೊಂಡು ‘ಇದ್ಕಿಂತ ಬಸ್ಸೇ ವಾಸಿ ಕಣಪ್ಪ’ ಎಂದು ಮತ್ತೆ ಹತ್ತುವುದು. ಪಂಚ್‌ನಲ್ಲಿ ಅಜ್ಜಿ ಇಳಿಯುವುದಿಲ್ಲ. ಬಾಗಿಲೂ 90 ಡಿಗ್ರಿ ತೆರೆಯುವುದರಿಂದ ಸೀಬಿ ನರಸಿಂಹಸ್ವಾಮಿಗೆ ಹೊರಟಾಗ ಮೊದಲು ಹತ್ತಿ ಕೂರುವವರೇ ಅವರು. ಜಾಹೀರಾತಿನವರು ಗುಡ್ಡ, ಮರಳು, ಹೊಳೆಗಳನ್ನು ತೋರಿಸುತ್ತಾರೆ. ಈ ಅಜ್ಜಿ ಅವರ ಕಣ್ಣಿಗೆ ಬಿದ್ದಿಲ್ಲ.

ಡಿಕ್ಕಿ 366 ಲೀಟರ್ ಎನ್ನುತ್ತಾರೆ. ಲೀಟರಿನ ಅಳತೆ ಡೇರಿಗೆ ಸರಿ. ಕಡಲೆಕಾಯಿ ಮೂಟೆ ಎಷ್ಟು ಹಿಡಿಯುತ್ತದೆ ಎಂದರೆ ಶೋರೂಮಿನ ಹುಡುಗ ಮ್ಯಾನೇಜರ್ ಮುಖ ನೋಡುತ್ತಾನೆ.

ಸುರಕ್ಷತೆಯ ವಿಷಯ. ಗ್ಲೋಬಲ್ ಎನ್‌ಕ್ಯಾಪ್ ಗುದ್ದಿಸಿ ನೋಡಿದಾಗ ಐದು ನಕ್ಷತ್ರ ಪಡೆದ ಮೊದಲ ಭಾರತೀಯ ಕಾರು ನೆಕ್ಸಾನ್, 2018ರಲ್ಲಿ. 2021ರಲ್ಲಿ ದೊಡ್ಡವರ ಸುರಕ್ಷತೆಗೆ ಪಂಚ್‌ಗೂ ಐದು ಸಿಕ್ಕವು. ನಮ್ಮವರು ಇದನ್ನು ಬಲು ಹೆಮ್ಮೆಯಿಂದ ಹೇಳುತ್ತಾರೆ, ಐದು ಸೀಟಿನಲ್ಲಿ ಏಳು ಜನ ಕೂತು, ಬೆಲ್ಟನ್ನು ಬೆನ್ನ ಹಿಂದೆ ಸಿಕ್ಕಿಸಿ. ದಂಡಿನ ಮಾರಮ್ಮನ ಗುಡಿಯ ಮುಂದೆ ನಿಂಬೆಹಣ್ಣು ಹತ್ತಿಸಿರುವುದರಿಂದ ಆರನೆಯ ನಕ್ಷತ್ರವೂ ಇದೆಯೆಂಬುದು ಅವರ ವಾದ.

2025ರ ಸೆಪ್ಟೆಂಬರ್ 22ರಂದು, ನವರಾತ್ರಿಯ ಮೊದಲ ದಿನವೇ, ಇಂಥ ಸಣ್ಣ ಪೆಟ್ರೋಲ್ ಗಾಡಿಗಳ ತೆರಿಗೆ ಶೇ 29ರಿಂದ 18ಕ್ಕಿಳಿಯಿತು. ಆಯುಧಪೂಜೆಗೆ ಕೊಂಡವರು ಎಷ್ಟು ಉಳಿಯಿತೆಂದು ಕೇಳದೆಯೇ ಹೇಳುತ್ತಾರೆ. ಆಗಸ್ಟಿನಲ್ಲಿ ಕೊಂಡವರನ್ನೂ ಸಂದರ್ಶಿಸುವುದು ಸಂಶೋಧನೆಯ ಧರ್ಮವಾಗಿತ್ತು. ಅವರ ಮುಖ ನೋಡಿ ಪ್ರಶ್ನಾವಳಿಯನ್ನು ಜೇಬಿಗೆ ಹಾಕಿಕೊಂಡೆ.