ತಂಬೂರಿಯ ಊರಲ್ಲಿ ಬೀಪ್

ಮಿರಜ ಅಂದರೆ ಸಿತಾರ್, ತಂಬೂರಿ ಮಾಡುವವರ ಊರು. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು ನೆಲೆಸಿದ್ದು ಇಲ್ಲೇ. 1937ರಲ್ಲಿ ತೀರಿಕೊಂಡ ಮೇಲೆ ಮಣ್ಣಾದದ್ದೂ ಇಲ್ಲಿಯ ದರ್ಗಾದಲ್ಲೇ. ಇಂಥ ಊರಲ್ಲಿ ನಮ್ಮ ಕಂಪ್ಯೂಟರ್ ಹೊತ್ತುಗೊತ್ತಿಲ್ಲದೆ ‘ಬೀಪ್’ ಅನ್ನತೊಡಗಿದರೆ ಮಂದಿ ಸುಮ್ಮನಿರುತ್ತಾರೆಯೇ? ಸಿತಾರಿಗೆ ತಂತಿ ಬಿಗಿಯುವ ಪಕ್ಕದ ಮನೆ ಕಾಕಾ ಕಿವಿಗೊಟ್ಟು ಕೇಳಿ, “ಸುರ್ ಏನೋ ಪಕ್ಕಾ ಐತಿ, ತಾಳ ತಪ್ಪೇತಿ” ಅಂದುಬಿಟ್ಟರು.

ಸಾಂಗ್ಲಿಯಿಂದ ರಿಪೇರಿ ಹುಡುಗ ಬಂದ. ಡಬ್ಬಿ ಬಿಚ್ಚಿ, ರ‍್ಯಾಮ್ ಪಟ್ಟಿ ಕಿತ್ತು, ಅದರ ಬಂಗಾರಬಣ್ಣದ ಹಲ್ಲುಗಳನ್ನು ಶಾಲೆ ಮಕ್ಕಳ ರಬ್ಬರಿನಿಂದ ತಿಕ್ಕಿದ. ಅವನ ವಿದ್ಯೆ ಸುಳ್ಳಲ್ಲ. ಪರದೆ ಬೆಳಗುವ ಮುನ್ನವೇ ತೊಂದರೆಯಾದರೆ ಯಂತ್ರ ಬೀಪ್‌ನಲ್ಲೇ ಹೇಳಬೇಕು. ಯಂತ್ರವನ್ನು ಎಬ್ಬಿಸುವ ಹಲವು ಬಯಾಸ್ ತಂತ್ರಾಂಶಗಳಲ್ಲಿ ಒಂದು ಉದ್ದ, ಎರಡು ಗಿಡ್ಡ ಬಂದರೆ ಡಿಸ್‌ಪ್ಲೇ ಕಾರ್ಡಿನ ದೂರು. ಆದರೆ ನಮ್ಮದು ಚೆನ್ನಾಗಿ ಓಡುತ್ತಲೇ ಕೂಗುತ್ತಿತ್ತಲ್ಲ! ಫ್ಯಾನಿನ ಧೂಳು ಊದಿದ. ಸೀನು ಬಂತು, ಬೀಪೂ ಬಂತು.

ಕೊನೆಗೆ ಕಳ್ಳನನ್ನು ಹಿಡಿದವಳು ನಮ್ಮ ಮನೆಯಾಕಿ. “ಫ್ರಿಜ್ ಗುರ್ ಅಂದಾಗಷ್ಟ ಇದು ಕೂಗತೈತ್ರಿ.” ಹೌದು! ಕಂಪ್ರೆಸರ್ ಶುರುವಾದಾಗ ವೋಲ್ಟೇಜ್ ಒಂದು ಕ್ಷಣ ಕುಸಿಯುತ್ತದೆ. ಮೇಜಿನಡಿ ಕೂತ ಯುಪಿಎಸ್ ಬ್ಯಾಟರಿಗೆ ಜಿಗಿದು ಬೀಪ್ ಅನ್ನುತ್ತದೆ. ಹಾಡಿದ್ದು ಅದು, ಬಟ್ಟೆ ಬಿಚ್ಚಿಸಿಕೊಂಡದ್ದು ಕಂಪ್ಯೂಟರ್.

ನಿಮ್ಮಲ್ಲೂ ಹೀಗಾದರೆ ಸ್ಕ್ರೂಡ್ರೈವರ್ ಹುಡುಕುವ ಮೊದಲು ಕಂಪ್ಯೂಟರ್ ಆರಿಸಿ ಕಿವಿಗೊಡಿ. ಆಮೇಲೂ ಬೀಪ್ ಬಂದರೆ ಯುಪಿಎಸ್ಸನ್ನೇ ವಿಚಾರಿಸಿಕೊಳ್ಳಿ.