ಕಂಪನಿಯವರನ್ನು ನಂಬದ ಕೊಟ್ರೇಶಣ್ಣ

ಕೊಟ್ಟೂರು ಸೀಮೆಯಲ್ಲಿ ಓಣಿಗೆ ನಾಲ್ಕು ಮಂದಿ ಕೊಟ್ರೇಶರು. ಅವರಲ್ಲೊಬ್ಬನನ್ನು ಮಾತ್ರ, ಯಾರು ಲ್ಯಾಪ್‌ಟಾಪ್ ಕೊಳ್ಳಲು ಹೊರಟರೂ ಬೈಕಿನ ಹಿಂದೆ ಕೂರಿಸಿಕೊಂಡು ಹೋಗುತ್ತಾರೆ. ಹಡಗಲಿಯಲ್ಲಿ ಇವನ ಹೆಸರು ಮೈಲಾರಪ್ಪ ಇದ್ದೀತು, ಹರಪನಹಳ್ಳಿ ಕಡೆ ಉಚ್ಚೆಂಗೆಪ್ಪ, ಕೂಡ್ಲಿಗಿಯಲ್ಲಿ ಓಬಳೇಶ. ಗುಣ ಒಂದೇ. ಓದಿದ್ದು ಏನೆಂದು ಯಾರಿಗೂ ಸರಿಯಾಗಿ ತಿಳಿಯದು. 'ಅವ್ನಿಗೆ ಸಿಸ್ಟಮ್ ಬಗ್ಗೆ ಗೊತ್ತೈತಿ' ಎಂಬ ಕೀರ್ತಿ ಮಾತ್ರ ಹಗರಿಬೊಮ್ಮನಹಳ್ಳಿವರೆಗೂ ಹಬ್ಬಿದೆ.

ಹೊಸ ಲ್ಯಾಪ್‌ಟಾಪಿಗೆ ಕಂಪನಿಯವರೇ ವಿಂಡೋಸ್ ಹಾಕಿ ಕಳಿಸಿರುತ್ತಾರೆ. ಬಟನ್ ಒತ್ತಿ, ಅದು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರೆ ಕೆಲಸ ಮುಗಿಯಿತು. ಹೀಗೆ ಸಲೀಸಾಗಿ ಮುಗಿಯುವುದೇ ಕೊಟ್ರೇಶಣ್ಣನಿಗೆ ಅನುಮಾನ. "ಕಂಪನಿಯವ್ರು ಹಾಕ್ಯಾರ ಅಂತ ಸುಮ್ನಿರಾಕ ಆಗತೈತೇನು ಮಾವ? ಚೆಕ್ ಮಾಡ್ಬೇಕು" ಎಂದು ಅಂಗಡಿಯ ಸ್ಟೂಲು ಎಳೆದುಕೊಳ್ಳುತ್ತಾನೆ. ಅಂಗಡಿಯವನು ಆಗಲೇ ಚಹಾ ಹೇಳಿಬಿಡುತ್ತಾನೆ. ಬೆಳಿಗ್ಗೆ ಹನ್ನೊಂದಕ್ಕೆ ಕೂತವನು ಊಟದ ಹೊತ್ತಿಗೆ ಎದ್ದರೆ ಪುಣ್ಯ.

ಇವನಿಗೆ ಮೊದಲಿನಿಂದಲೂ ಹೀಗೆ ಒರಿಜಿನಲ್ಲಿನ ಗೀಳು ಇತ್ತೆಂದುಕೊಳ್ಳಬೇಡಿ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಇವನ ಬಗಲಲ್ಲಿ ಸಿ.ಡಿ.ಗಳ ಒಂದು ಪೌಚ್ ಇರುತ್ತಿತ್ತು. ಮಾರ್ಕರಿನಲ್ಲಿ ಹೆಸರು ಬರೆದ ಆ ಸಿ.ಡಿ.ಗಳ ಮೂಲ ಯಾವುದೆಂದು ಯಾರೂ ಕೇಳಲಿಲ್ಲ. 25 ಅಕ್ಷರದ ಕೀಯನ್ನು ಕಣ್ಣು ಮುಚ್ಚಿ ಒಪ್ಪಿಸುತ್ತಿದ್ದ. ಸುತ್ತಲಿನ ಝೆರಾಕ್ಸ್ ಅಂಗಡಿ, ಡಿ.ಟಿ.ಪಿ. ಸೆಂಟರು ಎಲ್ಲಕ್ಕೂ ಅದೊಂದೇ ಕೀ. ಆಮೇಲೆ ಲ್ಯಾಪ್‌ಟಾಪಿನ ಹೊಟ್ಟೆಗೆ ಅಂಟಿಸಿದ ಸ್ಟಿಕರ್ ಓದುವ ಪರಿಣತನಾದ. 2012ರಲ್ಲಿ ವಿಂಡೋಸ್ 8 ಬಂದು, ಆ ಕೀ ಮದರ್‌ಬೋರ್ಡಿನೊಳಗೇ ಹೊಕ್ಕು ಕೂತಿತು. ಕಣ್ಣಿಗೆ ಕಾಣದ ಕೀಯನ್ನು ನಂಬುವುದು ಹೇಗೆ? ಅಂದಿನಿಂದ ಇವನು ಶುದ್ಧ ಸಂಶಯವಾದಿ. ಕಪ್ಪು ಕಿಟಕಿ ತೆರೆದು 'ಎಸ್‌ಎಲ್‌ಎಂಜಿಆರ್, ಸ್ಪೇಸ್, ಸ್ಲ್ಯಾಶ್, ಎಕ್ಸ್‌ಪಿಆರ್' ಎಂದು ಹೇಳುತ್ತಾ ಹೊಡೆಯುತ್ತಾನೆ. ಯಂತ್ರ ಕಾಯಂ ಆಗಿ ಆಕ್ಟಿವೇಟ್ ಆಗಿದೆ ಎಂಬ ಚಿಕ್ಕ ಚೌಕ ಮೂಡುತ್ತದೆ. ಅದನ್ನು ಕೊಳ್ಳುವವರ ಕೈಲಿ ಓದಿಸಿ, ಮೊಬೈಲಿನಲ್ಲಿ ಫೋಟೊ ಹೊಡೆಸಿದ ಮೇಲೇ ಮುಂದಿನ ಮಾತು.

ಈಚೆಗೆ ಯಾವುದೋ ವಿಡಿಯೊ ನೋಡಿ ಇನ್ನೂ ಒಂದು ಕಲಿತಿದ್ದಾನೆ. ಕಾರ್ಖಾನೆಯಲ್ಲಿ ಒಂದೊಂದು ಯಂತ್ರದ ಮುಂದೆಯೂ ಕೂತು ಯಾರೂ ವಿಂಡೋಸ್ ಹಾಕುವುದಿಲ್ಲವಲ್ಲ. ಒಂದು ಮಾದರಿ ಯಂತ್ರಕ್ಕೆ ವಿಂಡೋಸು, ಡ್ರೈವರು, ಬೇಡದ ಆ್ಯಂಟಿವೈರಸ್ಸಿನ ಟ್ರಯಲ್ಲು ಎಲ್ಲ ತುಂಬಿ, ಪರೀಕ್ಷೆ ಮಾಡಿ, ಸಿಸ್‌ಪ್ರೆಪ್ ಎಂಬ ಸಾಧನದಿಂದ ಆ ಯಂತ್ರದ ಸ್ವಂತ ಗುರುತನ್ನೆಲ್ಲ ಅಳಿಸಿ, ಅದರ ಇಮೇಜನ್ನು ಉಳಿದವಕ್ಕೆಲ್ಲ ಇಳಿಸುತ್ತಾರೆ. ಇದು ತಿಳಿದ ದಿನ ಕೊಟ್ರೇಶಣ್ಣನ ಎದೆ ಧಸಕ್ಕೆಂದಿತು: "ಅಂದ್ರೆ ಒಂದ್ರಾಗ ತಪ್ಪಿದ್ರ ಎಲ್ಲದ್ರಾಗೂ ಅದಾ ತಪ್ಪು!" ತರ್ಕವೇನೋ ಸರಿಯಾಗಿಯೇ ಇದೆ ಎನ್ನಬೇಕು. ಕಂಪನಿಯವರು ಒಳಹೊಕ್ಕು ಪರೀಕ್ಷಿಸುವ ಬಾಗಿಲಿನ ಹೆಸರು ಆಡಿಟ್ ಮೋಡ್. ಭಾಷೆ ಕೇಳುವ ಮೊದಲ ಪರದೆಯಲ್ಲೇ ಕಂಟ್ರೋಲ್, ಶಿಫ್ಟ್, ಎಫ್3 ಒಟ್ಟಿಗೆ ಒತ್ತಬೇಕು. ಈಗ ಕೊಟ್ರೇಶಣ್ಣನ ಪ್ರವೇಶ ಆ ಬಾಗಿಲಿನಿಂದಲೇ. ಯಂತ್ರ ತಟ್ಟನೆ ರೀಸ್ಟಾರ್ಟ್ ಆಗಿ, ಹೆಸರಿಲ್ಲ ಪಾಸ್‌ವರ್ಡ್ ಇಲ್ಲ, ನೇರ ಅಡ್ಮಿನಿಸ್ಟ್ರೇಟರ್ ಎಂದು ಒಳಗೆ ಬಿಡುತ್ತದೆ. ಅಂಗಡಿಯವನ ಮುಖ ಬಿಳಿಚುತ್ತದೆ. ಹೊರಗೆ ಬರುವ ದಾರಿ ಸರಿಯಾಗಿ ಹಿಡಿಯದಿದ್ದರೆ ಪ್ರತಿ ಸಲವೂ ಯಂತ್ರ ಅಲ್ಲೇ ಬಂದು ನಿಲ್ಲುತ್ತದೆಂದು ಆ ವಿಡಿಯೊದ ಕೊನೆಯಲ್ಲಿ ಹೇಳಿದ್ದರೇನೋ. ಕೊಟ್ರೇಶಣ್ಣ ಕೊನೆವರೆಗೆ ನೋಡಿರಲಿಲ್ಲ. ಒಂದು ಪ್ಲೇಟ್ ಮಿರ್ಚಿ, ಮಂಡಕ್ಕಿ ಒಗ್ಗರಣೆ ಖಾಲಿಯಾಗುವವರೆಗೆ ಆಫ್, ಆನ್, ಆಫ್, ಆನ್.

ಇಷ್ಟಾದರೂ ಇವನ ಒಂದು ಪರೀಕ್ಷೆಗೆ ನಾನು ತಲೆಬಾಗುತ್ತೇನೆ. ಎಕ್ಸ್‌ಪಿಯಲ್ಲಿ ಸಂಕೀರ್ಣ ಲಿಪಿಗಳ ಫೈಲುಗಳನ್ನು ಬೇರೆಯಾಗಿ ಹಾಕದಿದ್ದರೆ ಕನ್ನಡದ ಒತ್ತಕ್ಷರ ಕೆಳಗಿಳಿಯದೆ ಪಕ್ಕದಲ್ಲೇ ಚದುರಿ ನಿಲ್ಲುತ್ತಿತ್ತು. ವಿಂಡೋಸ್ 8ರ ಹೊತ್ತಿಗೆ ನಿರ್ಮಲಾ ಎಂಬ ಫಾಂಟೂ ಬಂದು ಕಾಟ ಎಂದೋ ತಪ್ಪಿತಾದರೂ, ಇವನ ಪೆನ್‌ಡ್ರೈವಿನಲ್ಲಿ ಐದೂರಿನ ಹೆಸರು ಬರೆದ ಫೈಲೊಂದು ಇನ್ನೂ ಇದೆ. ಕೊಟ್ಟೂರಿನ ಟ, ಕೂಡ್ಲಿಗಿಯ ಲ, ಹರಪನಹಳ್ಳಿಯ ಳ ತಂತಮ್ಮ ಜಾಗದಲ್ಲಿ ಕೂತಿವೆಯೇ ಎಂದು ಬೆರಳಿಟ್ಟು ನೋಡುತ್ತಾನೆ. ಹಗರಿಬೊಮ್ಮನಹಳ್ಳಿ ಬಂದರಂತೂ ಒಂದೇ ಊರಿಗೆ ಎರಡು ಒತ್ತು, ಹಬ್ಬ. ಹಡಗಲಿಯವರು ಬಂದರೆ ಮಾತ್ರ ಪೇಚು. ಹೂವಿನಹಡಗಲಿ ಎಂದು ಎಳೆದು ಬರೆದರೂ ಹಿಡಿಯಲು ಒಂದು ಒತ್ತಿಲ್ಲ. ಆಗ "ಮಲ್ಲಿಗೆ ಅಂತ ಬರದ್ರಾತು ಬಿಡ್ರಿ" ಎಂದು ಸುಧಾರಿಸುತ್ತಾನೆ.

ಅಪ್‌ಡೇಟ್ ಕಂಡರೆ ಇವನಿಗಾಗದು. "ಕೇಳ್ದಾ ಮಾಡ್ದಾ ತಾನೇ ಬದ್ಲಾಗತೈತಿ" ಎಂದು ಹರಪನಹಳ್ಳಿಯ ಹಿರಿಯರೊಬ್ಬರ ಮುಂದೆ ಗೊಣಗಿದನಂತೆ. ಅವರು ಬಳ್ಳಾರಿ ಜಿಲ್ಲೆಯಲ್ಲಿದ್ದವರು, 1997ರಲ್ಲಿ ದಾವಣಗೆರೆಗೆ ಸೇರಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರದವರಾದವರು. ಮನೆ ಬಿಟ್ಟು ಕದಲದೆ ಇಷ್ಟೆಲ್ಲ ಆದವರು, "ಅದ್ರಾಗೇನೈತಪ್ಪ ಹೊಸದು?" ಎಂದು ಎಲೆ ಅಡಿಕೆ ಮುಂದುವರಿಸಿದರು.

ಮೊನ್ನೆ ಜೂನಿನಲ್ಲಿ ಡಿಗ್ರಿಗೆ ಸೇರಿದ ಹುಡುಗಿಗೆಂದು ಅಪ್ಪ ಮಗಳು ಇಬ್ಬರೂ ಇವನನ್ನು ಕರೆದೊಯ್ದರು. ದೇಶ ಯಾವುದೆಂದು ಯಂತ್ರ ಕೇಳಿದಾಗ ಹುಡುಗಿ, "ಅಣ್ಣಾ, ಕೆಳಗ ಇಂಡಿಯಾ ಐತಿ" ಎಂದಳು. "ಏ ತಂಗಿ, ಯುನೈಟೆಡ್ ಸ್ಟೇಟ್ಸ್ ಕೊಡ್ಬೇಕು. ಅದು ಒರಿಜಿನಲ್" ಎಂದು ಒತ್ತಿಯೇಬಿಟ್ಟ. ಮುಂದೆ ಕೀ, ಒತ್ತು, ಬ್ಯಾಟರಿ, ಕ್ಯಾಮೆರಾ ಎಲ್ಲ ಪಾಸು. ದುಡ್ಡು ಎಣಿಸಿಕೊಟ್ಟು ಎದ್ದಾಗ ಸರಿಯಾಗಿ ಮಧ್ಯಾಹ್ನ ಒಂದು ಗಂಟೆ. ಅಪ್ಪ ಪರದೆಯ ಮೂಲೆಗೆ ಬಗ್ಗಿ ನೋಡಿ, "ಕೊಟ್ರೇಶಿ, ಇದ್ರಾಗ ರಾತ್ರಿ ಹನ್ನೆರಡೂವರಿ ಅಂತ ತೋರಸ್ತೈತಲ್ಲೋ" ಎಂದ.

ಕೊಟ್ರೇಶಣ್ಣ ಅಂಗಡಿಯವನ ಕಡೆ ತಿರುಗಿದ. "ನೋಡಿದ್ರೇನು? ಅದಕ್ಕಾ ನಾನು ಬಡಕೊಳ್ಳಾದು. ಕಂಪನಿಯವ್ರು ಒಂದೂ ಸರಿಯಾಗಿ ಚೆಕ್ ಮಾಡಿರಂಗಿಲ್ಲ."